5ಜಿ ಕೋರ್: ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ

ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ಮೇಲೆ, 5ಜಿ ಜಾಲದ ಕೇಂದ್ರಭಾಗವನ್ನು (ಕೋರ್) ಒದಗಿಸುವ ಓಪನ್5ಜಿಎಸ್ ತಂತ್ರಾಂಶ ನಡೆಸುವಾಗ ಫೋನ್ ನೋಂದಣಿಯಾಗಿ ಐಪಿ ವಿಳಾಸ ಪಡೆಯುತ್ತಿತ್ತು, ಪಿಂಗ್‌ಗೂ ಉತ್ತರ ಬರುತ್ತಿತ್ತು. ಆದರೆ ದೊಡ್ಡ ಜಾಲಪುಟಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಡಿಎನ್‌ಎಸ್ ಬದಲಿಸಿದ್ದು, ನ್ಯಾಟ್ ನಿಯಮ ತಿದ್ದಿದ್ದು, ಫೋನಿನ ದತ್ತಾಂಶ ಸಾಗಿಸುವ ಘಟಕವಾದ ಯುಪಿಎಫ್‌ನ ಪಾಡ್‌ಗೆ (ಅದು ಓಡುವ ಕಂಟೇನರ್ ಗುಂಪು) ಮೆಮೊರಿ ಹೆಚ್ಚಿಸಿದ್ದು ಯಾವುದೂ ಫಲಿಸಲಿಲ್ಲ.

ಯುಪಿಎಫ್‌ನಿಂದ ಫೋನಿಗೆ ಪಿಂಗ್ ಗಾತ್ರವನ್ನು ಏರಿಸುತ್ತ ಹೋದಾಗ 1378 ಬೈಟ್ ದಾಟಿತು, 1379 ದಾಟಲಿಲ್ಲ. ಪಿಂಗ್‌ನ ಹೆಡರ್‌ಗಳ 28 ಬೈಟ್ ಸೇರಿಸಿದರೆ 1378 ಎಂದರೆ 1406 ಬೈಟ್‌ನ ಪ್ಯಾಕೆಟ್. ಪಾಡ್‌ಗಳನ್ನು ಜೋಡಿಸುವ ವಿಎಕ್ಸ್‌ಲ್ಯಾನ್ ಸುರಂಗ 1500ರಲ್ಲಿ 50 ಬೈಟ್ ತೆಗೆದುಕೊಳ್ಳುವುದರಿಂದ ಪಾಡ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1450. ಅದರಲ್ಲಿ ಫೋನಿನ ದತ್ತಾಂಶವನ್ನು ಬೇಸ್ ಸ್ಟೇಷನ್ ಮತ್ತು ಯುಪಿಎಫ್ ನಡುವೆ ಒಯ್ಯುವ ಜಿಟಿಪಿ ಸುರಂಗದ ಹೊರ ಹೆಡರ್‌ಗಳಿಗೆ 44 ಹೋದರೆ ಉಳಿಯುವುದು 1406. ಆದರೆ ಫೋನಿನ ಸೆಷನ್‌ಗಳನ್ನು ನಿರ್ವಹಿಸುವ ಘಟಕವಾದ ಎಸ್‌ಎಂಎಫ್‌ನ ಸಂರಚನೆಯಲ್ಲಿದ್ದ ಎಂಟಿಯು 1500.

ಎಸ್‌ಎಂಎಫ್ ಕಡತದಲ್ಲಿಯೂ ಯುಪಿಎಫ್‌ನ ಟನ್ (ವರ್ಚುವಲ್ ಜಾಲ) ಇಂಟರ್‌ಫೇಸಿನಲ್ಲಿಯೂ ಎಂಟಿಯುವನ್ನು 1400 ಮಾಡಿ, ಮೊದಲು ಯುಪಿಎಫ್, ಬಳಿಕ ಎಸ್‌ಎಂಎಫ್ ಮರುಚಾಲನೆ ಮಾಡಬೇಕು. ಈ ಮೌಲ್ಯ ಸೆಷನ್ ಸ್ಥಾಪನೆಯ ಹೊತ್ತಿನಲ್ಲಿ ಮಾತ್ರ ಫೋನಿಗೆ ತಲುಪುವುದರಿಂದ, ಕೊನೆಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯುವುದು ಅಗತ್ಯ. ಕೆಲವು ಫೋನುಗಳು ಹೀಗೆ ತಲುಪಿದ ಎಂಟಿಯುವನ್ನೂ ಲೆಕ್ಕಿಸುವುದಿಲ್ಲ. ಅವುಗಳಿಗಾಗಿ ಯುಪಿಎಫ್‌ನ ಐಪಿಟೇಬಲ್ಸ್ ಫಾರ್ವರ್ಡ್ ಸರಪಳಿಯಲ್ಲಿ ಟಿಸಿಪಿ ಎಂಎಸ್‌ಎಸ್ (ಹೆಡರ್‌ಗಳ 40 ಬೈಟ್ ಬಿಟ್ಟು ಒಂದು ಪ್ಯಾಕೆಟ್‌ನಲ್ಲಿ ಹಿಡಿಯುವ ದತ್ತಾಂಶ) 1360 ಎಂದು ಕಟ್ಟಿಡಬೇಕು.