ಈಳಿಗೆಮಣೆಯಿಂದ ಪ್ರಬಂಧದವರೆಗೆ: ಉತ್ಪನ್ನ ವಿನ್ಯಾಸವನ್ನು ಕಲಿಸುವ, ಸಂಶೋಧಿಸುವ ಬಗೆ

ಉತ್ಪನ್ನ ವಿನ್ಯಾಸದ ವಿಭಾಗಕ್ಕೆ ಹೊಸದಾಗಿ ಸೇರಿದ ಅಧ್ಯಾಪಕರು ವಿದ್ಯಾರ್ಥಿಗಳಿಂದ ವಸ್ತುಗಳನ್ನು ಮಾಡಿಸುತ್ತ ಕಲಿಸುವ ಸ್ಟುಡಿಯೋ ಪಾಠ ಒಂದು ಕೆಲಸ, ಸಂಶೋಧನೆ ಇನ್ನೊಂದು ಕೆಲಸ ಎಂದುಕೊಂಡು, ಎರಡಕ್ಕೂ ಸಮಯ ಸಾಲದೆ ಬಳಲುತ್ತಾರೆ. ವಿದ್ಯಾರ್ಥಿಗಳು ಮೊದಲ ದಿನದಿಂದಲೇ ಸರಿಯಾಗಿ ದಾಖಲಿಸಲು ಕಲಿತರೆ ಈ ಎರಡೂ ಒಂದೇ ಮೂಲದಿಂದ ಬರುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಅದು ಹೇಗೆಂಬುದನ್ನು ನಮ್ಮ ಅಡುಗೆಮನೆಗಳ ಈಳಿಗೆಮಣೆಯನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ವಸ್ತುವಿನ ಆಯ್ಕೆಯೇ ಮೊದಲ ಹೆಜ್ಜೆ. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರ ತಮ್ಮ ವರದಿಯಲ್ಲಿ ಸಾಮಾನ್ಯ ಲೋಟಾ ಒಂದನ್ನು ಎತ್ತಿಕೊಂಡು, ಅದನ್ನು ಹೊರುವ, ಸುರಿಯುವ, ತೊಳೆಯುವ ಬಗೆಯ ಕುರಿತು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದ್ದರು; ಆ ವರದಿಯ ಹಿನ್ನೆಲೆಯಲ್ಲಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿಕೊಂಡಿತು. ನಾವೂ ಹಾಗೆಯೇ, ತಲೆಮಾರುಗಳಿಂದ ಬಳಕೆಯಲ್ಲಿದ್ದು ಈಗ ಸುತ್ತಲಿನ ಪರಿಸರ ಬದಲಾದ ವಸ್ತುವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆದರೆ ವಿದ್ಯಾರ್ಥಿಗಳಿಗೆ ಕೆಲಸವನ್ನು ವಿವರಿಸಿ ಕೊಡುವ ಬ್ರೀಫ್‌ನಲ್ಲಿ ‘ಈಳಿಗೆಮಣೆಯನ್ನು ಮರುವಿನ್ಯಾಸಗೊಳಿಸಿ’ ಎಂದು ಬರೆಯಬೇಡಿ, ಏಕೆಂದರೆ ಉತ್ತರ ಈಳಿಗೆಮಣೆಯೇ ಆಗಿರಬೇಕು ಎಂದು ಆಗಲೇ ತೀರ್ಮಾನಿಸಿದಂತಾಗುತ್ತದೆ. ‘ನೆಲದ ಮೇಲೆ ಕೂರಲಾಗದವರು ತೆಂಗಿನಕಾಯಿ ತುರಿಯುವುದು ಹೇಗೆ?’ ಎಂದು ಕೇಳಿ.

ಮೊದಲ ಮೂರು ವಾರ ಯಾರೂ ಪರಿಹಾರದ ಚಿತ್ರ ಬರೆಯಕೂಡದು. ಇದು ನಾನು ಎಂದಿಗೂ ಸಡಿಲಿಸದ ನಿಯಮ. ಆ ಮೂರು ವಾರಗಳಲ್ಲಿ ಪ್ರತಿಯೊಬ್ಬರೂ ಕನಿಷ್ಠ ಐದು ಮನೆಗಳಿಗೆ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಮುಖ ಕಾಣದಂತೆ ಕೈಗಳನ್ನಷ್ಟೇ ವಿಡಿಯೋ ಮಾಡಿ, ಅದೇ ಸಂಜೆ ಕಂಡದ್ದನ್ನು ಕ್ಷೇತ್ರಪುಸ್ತಕದಲ್ಲಿ ಬರೆಯಬೇಕು. ಕಂಡದ್ದು ಎಡಪುಟದಲ್ಲಿರಲಿ, ತಮಗೆ ಅನಿಸಿದ್ದು ಬಲಪುಟದಲ್ಲಿರಲಿ. ನನ್ನ ವಿದ್ಯಾರ್ಥಿನಿಯೊಬ್ಬಳು ಮೊದಲ ದಿನ ಬಲಪುಟದಲ್ಲಿ ‘ಅಪಾಯಕಾರಿ ಉಪಕರಣ’ ಎಂದಷ್ಟೇ ಬರೆದು ತಂದಿದ್ದಳು, ಎಡಪುಟ ಖಾಲಿಯಿತ್ತು. ಮತ್ತೆ ಕಳುಹಿಸಿದೆ. ಎರಡನೆಯ ಬಾರಿ ಅವಳು ಅಜ್ಜಿಯೊಬ್ಬರ ಪಕ್ಕದಲ್ಲಿ ಕುಳಿತು ಗಮನಿಸಿದ್ದು ಹೀಗಿತ್ತು: ಅಜ್ಜಿ ಒಂದು ಕಾಲು ಮಡಚಿ ಮಣೆಯನ್ನು ಒತ್ತಿ ಹಿಡಿದಿದ್ದರು, ಕಾಯಿಯ ಹೋಳನ್ನು ಎರಡೂ ಅಂಗೈಗಳ ನಡುವೆ ಹಿಡಿದು ಅಂಚಿನಿಂದ ಒಳಕ್ಕೆ ತಿರುಗಿಸುತ್ತ ತುರಿಯುತ್ತಿದ್ದರು, ಕಂದು ಬಣ್ಣ ಇಣುಕುವ ಮುನ್ನವೇ ಹೆಬ್ಬೆರಳು ತಾನಾಗಿ ಹೋಳನ್ನು ಸರಿಸುತ್ತಿತ್ತು. ಉಪಕರಣವನ್ನು ಕದಲದಂತೆ ಹಿಡಿಯುವ ಕೆಲಸವನ್ನು ದೇಹದ ಭಾರವೇ ಮಾಡುವುದರಿಂದ ಎರಡೂ ಕೈಗಳು ಕಾಯಿಗೇ ಮೀಸಲಾಗುತ್ತವೆ ಎಂಬುದು ಅವಳಿಗೆ ಅಂದು ಹೊಳೆಯಿತು. ಅಡುಗೆಕಟ್ಟೆಯ ಮುಂದೆ ನಿಂತು ತುರಿಯುವವರಿಗೆ ತಪ್ಪಿಹೋದದ್ದೂ ಆ ಭಾರದ ಆಸರೆಯೇ.

ನಾಲ್ಕನೆಯ ವಾರದಿಂದ ಮಾದರಿಗಳು ಆರಂಭವಾಗಲಿ. ರಟ್ಟು, ಥರ್ಮೋಕೋಲ್, ಪ್ಲೈವುಡ್ ಚೂರುಗಳು ಸಾಕು. ಕಂಪ್ಯೂಟರಿನಲ್ಲಿ ಚೆಂದವಾಗಿ ಬಿಡಿಸಿದ ಚಿತ್ರ ಕೈಗೆ ಭಾರವನ್ನು ತಿಳಿಸುವುದಿಲ್ಲವಾದ್ದರಿಂದ, ತ್ರೀಡಿ ಪ್ರಿಂಟರನ್ನು ಸೆಮಿಸ್ಟರಿನ ಉತ್ತರಾರ್ಧಕ್ಕೆ ಕಾಯ್ದಿರಿಸಿ. ಅಳತೆಗಳಿಗೆ ವಿದೇಶಿ ಕೋಷ್ಟಕಗಳನ್ನು ನೆಚ್ಚಿಕೊಳ್ಳಬೇಡಿ. 1997ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಪ್ರಕಟಿಸಿದ, ದೇಬಕುಮಾರ್ ಚಕ್ರವರ್ತಿಯವರ ಭಾರತೀಯ ದೇಹಮಾಪನಗಳ ಸಂಗ್ರಹ ಗ್ರಂಥಾಲಯದಲ್ಲಿರಬೇಕು.

ಅಂಕಗಳನ್ನು ಹಂಚುವ ರೀತಿಯೇ ವಿದ್ಯಾರ್ಥಿಗಳ ಗಮನವನ್ನು ಹಂಚುತ್ತದೆ. ನೂರರಲ್ಲಿ ಮೂವತ್ತೈದನ್ನು ಕ್ಷೇತ್ರಪುಸ್ತಕಕ್ಕೆ, ಇನ್ನೊಂದು ಮೂವತ್ತೈದನ್ನು ಕೈಬಿಟ್ಟ ಮಾದರಿಗಳೂ ಸೇರಿದಂತೆ ಬೆಳವಣಿಗೆಯ ಹಾದಿಗೆ, ಉಳಿದದ್ದನ್ನು ಅಂತಿಮ ವಸ್ತು ಮತ್ತು ಮಂಡನೆಗೆ ನಾನು ಇಡುತ್ತೇನೆ. ಕೊನೆಯಲ್ಲಿ ಕೆಲಸವನ್ನು ಪರಿಶೀಲಿಸುವ ಜ್ಯೂರಿಯಲ್ಲಿ ವಸ್ತುವನ್ನು ನಿತ್ಯ ಬಳಸುವವರೊಬ್ಬರು ಕೂರಲೇಬೇಕು.

ಇನ್ನು ಸಂಶೋಧನೆಯ ಮಾತು. ಹೊಸ ವಸ್ತುವೊಂದನ್ನು ಮಾಡಿದ ಮಾತ್ರಕ್ಕೆ ಅದು ಸಂಶೋಧನೆಯಾಗುವುದಿಲ್ಲ. ಬೇರೆಯವರು ಪರಿಶೀಲಿಸಬಲ್ಲ, ಮುಂದುವರಿಸಬಲ್ಲ ತಿಳಿವಳಿಕೆ ಅದರಿಂದ ಹೊರಬರಬೇಕು. ಬ್ರಿಟನ್ನಿನ ಕಲಾಶಿಕ್ಷಣ ತಜ್ಞ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಕಲೆ ಮತ್ತು ವಿನ್ಯಾಸದ ಸಂಶೋಧನೆಯನ್ನು ಅವುಗಳ ಕುರಿತಾದದ್ದು, ಅವುಗಳ ಮೂಲಕ ನಡೆಯುವುದು, ಅವುಗಳಿಗಾಗಿ ನಡೆಯುವುದು ಎಂದು ವಿಂಗಡಿಸಿದರು. ಸ್ಟುಡಿಯೋದಿಂದ ಹುಟ್ಟುವುದು ಬಹುಮಟ್ಟಿಗೆ ಎರಡನೆಯ ಬಗೆ. ಅದಕ್ಕೊಂದು ಕ್ರಮ ಬೇಕೆನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮರೇಶ್ ಚಕ್ರವರ್ತಿ ಮತ್ತು ವಿನ್ಯಾಸ ಸಂಶೋಧಕಿ ಲೂಸಿಯೆನ್ ಬ್ಲೆಸಿಂಗ್ 2009ರಲ್ಲಿ ಗ್ರಂಥರೂಪದಲ್ಲಿ ನೀಡಿದ ವಿಧಾನವನ್ನು ಅನುಸರಿಸಬಹುದು. ಮೊದಲು ಸಂಶೋಧನೆಯ ಗುರಿಯನ್ನು ಸ್ಪಷ್ಟಪಡಿಸಿಕೊಂಡು, ಇರುವ ಸ್ಥಿತಿಯನ್ನು ಅಧ್ಯಯನ ಮಾಡಿ, ಅದನ್ನು ಸುಧಾರಿಸುವ ನೆರವನ್ನು ರೂಪಿಸಿ, ಕೊನೆಗೆ ಆ ನೆರವು ನಿಜಕ್ಕೂ ಕೆಲಸ ಮಾಡಿತೇ ಎಂದು ಮತ್ತೆ ಅಧ್ಯಯನ ಮಾಡುವ ನಾಲ್ಕು ಹಂತಗಳು ಅದರಲ್ಲಿವೆ. ನಮ್ಮ ಬಹುಪಾಲು ಪ್ರಬಂಧಗಳು ಮೂರನೆಯ ಹಂತದಲ್ಲಿಯೇ ನಿಂತುಬಿಡುತ್ತವೆ ಎಂಬುದು ನನ್ನನ್ನು ಸದಾ ಕಾಡುವ ಕೊರತೆ.

ಒಂದು ಕಾನೂನಿನ ಎಚ್ಚರಿಕೆಯೂ ಬೇಕು. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಯಾದ ವಿನ್ಯಾಸಕ್ಕೆ ಮೊದಲು ಹತ್ತು ವರ್ಷ, ನವೀಕರಿಸಿದರೆ ಇನ್ನೂ ಐದು ವರ್ಷ ರಕ್ಷಣೆಯಿದೆ; ಆದರೆ ಅರ್ಜಿ ಸಲ್ಲಿಸುವ ಮುನ್ನವೇ ಚಿತ್ರಗಳು ಸಾಮಾಜಿಕ ಜಾಲತಾಣದಲ್ಲಿ ಪ್ರಕಟವಾದರೆ ಹೊಸತನದ ಷರತ್ತಿಗೇ ಧಕ್ಕೆ ಬರಬಹುದು.

ಇನ್ನು ಮೇಲೆ ಹೇಳಿದ ವಿಧಾನದ ನಾಲ್ಕನೆಯ ಹಂತಕ್ಕಾಗಿ, ಮಾದರಿಯನ್ನು ಬಳಸುವವರ ಮನೆಯಲ್ಲಿ ಬಿಟ್ಟುಬಂದು ಮೂರು ವಾರಗಳ ನಂತರ ಹೇಳದೆ ಕೇಳದೆ ಹೋಗದೆ, ತಿಳಿಸಿಯೇ ಹೋಗಿ, ಅದು ಈಗ ಎಲ್ಲಿದೆ ಎಂದು ನೋಡಿ. ಅಟ್ಟ ಸೇರಿದ್ದರೆ ಅದನ್ನೂ ಹಾಗೆಯೇ ದಾಖಲಿಸಿ. ಆ ವಿದ್ಯಾರ್ಥಿನಿ ಅಡುಗೆಕಟ್ಟೆಯ ಅಂಚಿಗೆ ತಿರುಪಿನಿಂದ ಬಿಗಿಯುವ, ಕಾಯಿ ತುರಿಯುವ ಉಪಕರಣವೊಂದನ್ನು ಮಾಡಿ ಅಜ್ಜಿಗೆ ಕೊಟ್ಟಿದ್ದಳು. ಮತ್ತೆ ಹೋದಾಗ ಅದು ಕಟ್ಟೆಯ ಮೇಲಿರದೆ, ಊಟದ ಮನೆಯ ಗಿಡ್ಡ ಬೆಂಚಿಗೆ ಬಿಗಿಯಲ್ಪಟ್ಟಿತ್ತು. ‘ಅಷ್ಟು ಎತ್ತರದಲ್ಲಿ ಕೈಗೆ ಬಲ ಬರೋದಿಲ್ಲ ಮಗಾ, ಭುಜ ಮೇಲಿಂದ ಒತ್ತಬೇಕು’ ಎಂದರಂತೆ ಅಜ್ಜಿ. ಅವಳು ಅಳತೆಪಟ್ಟಿ ತೆಗೆದು ಬೆಂಚಿನ ಎತ್ತರವನ್ನೂ ಅಜ್ಜಿಯ ಮೊಣಕೈ ಎತ್ತರವನ್ನೂ ಎಡಪುಟದಲ್ಲಿ ಬರೆದುಕೊಂಡಳು. ಮೊಣಕೈಗಿಂತ ಎಷ್ಟು ಕೆಳಗಿದ್ದರೆ ತುರಿಯುವ ಶ್ರಮ ಕಡಿಮೆಯಾಗುತ್ತದೆ ಎಂಬುದು ಅವಳ ಸ್ನಾತಕೋತ್ತರ ಪ್ರಬಂಧದ ಪ್ರಶ್ನೆಯಾಯಿತು.