ಸಣ್ಣ ಫೋರ್ ಬೈ ಫೋರ್ ಗಾಡಿಯಲ್ಲಿ ರಾತ್ರಿ ತಂಗುವ ಸಜ್ಜು: ನನ್ನ ಅನುಭವ

ಸಣ್ಣ ಫೋರ್ ಬೈ ಫೋರ್ ಗಾಡಿಯನ್ನು, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯನ್ನು, ಕ್ಯಾಂಪಿಂಗಿಗೆ ಸಜ್ಜು ಮಾಡಲು ಹೊರಟವರು ಮೊದಲು ಕೇಳುವುದು ಜಾಗದ ಬಗ್ಗೆ. ಜಾಗವನ್ನು ಹೇಗೋ ಹೊಂದಿಸಬಹುದು. ಜಾಗಕ್ಕಿಂತ ಮೊದಲು ಮುಗಿದುಹೋಗುವುದು ಗಾಡಿ ಹೊರಬಲ್ಲ ತೂಕದ ಮಿತಿ. ಆದ್ದರಿಂದ ಹಲಗೆ ಕೊಯ್ಯುವ ಮುಂಚೆ ನಾನು ತೂಕದ ಪಟ್ಟಿ ಬರೆದುಕೊಳ್ಳುತ್ತೇನೆ.

2018ರಲ್ಲಿ ಬಂದ ಮೂರು ಬಾಗಿಲಿನ ಸುಜುಕಿ ಜಿಮ್ನಿಯನ್ನೇ ತೆಗೆದುಕೊಳ್ಳಿ. ಖಾಲಿ ಗಾಡಿಯ ತೂಕ ಸುಮಾರು 1,135 ಕಿಲೋ, ತುಂಬಿದ ಗಾಡಿಗೆ ಮಿತಿ 1,435 ಕಿಲೋ. ಮಾದರಿಗೆ ತಕ್ಕಂತೆ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ, ಆದರೆ ಕೈಗೆ ಸಿಗುವುದು ಹೆಚ್ಚುಕಡಿಮೆ 300 ಕಿಲೋ ಅಷ್ಟೆ. ಇಬ್ಬರು ಕೂತರೆ 140. ಮಂಚ 30, ಬ್ಯಾಟರಿ ಮತ್ತು ವೈರಿಂಗ್ 12, ಸಾಮಾನು ತುಂಬಿದ ಸಣ್ಣ ಫ್ರಿಜ್ 20, ನೀರು 20, ಹಾಸಿಗೆ ಹೊದಿಕೆ 6, ಒಲೆ ಪಾತ್ರೆ 8, ಉಪಕರಣ ಮತ್ತು ಗಾಡಿ ಎಳೆಯುವ ಸಾಮಾನು 20, ಬಟ್ಟೆಬರೆ 15. ಕೂಡಿದರೆ 271 ಆಯಿತು. ಉಳಿದ 29 ಕಿಲೋದಲ್ಲೇ ಊಟದ ಸಾಮಾನು, ಕುರ್ಚಿ, ಟಾರ್ಪಾಲು ಎಲ್ಲ ಬರಬೇಕು. ಈ ಲೆಕ್ಕದ ಎದುರು ಚಾವಣಿಯ ಮೇಲೆ ಕೂರಿಸುವ 50 ಕಿಲೋದ ರೂಫ್ ಟೆಂಟ್ ಇಟ್ಟು ನೋಡಿದರೆ ಅದು ಯಾಕೆ ಹೊಂದುವುದಿಲ್ಲ ಎಂದು ತಾನೇ ಗೊತ್ತಾಗುತ್ತದೆ. ಮೇಲಾಗಿ ಸಣ್ಣ ಗಾಡಿಗಳ ಕೈಪಿಡಿಯಲ್ಲಿ ಚಾವಣಿಯ ಮಿತಿ 30 ಕಿಲೋ ಮಾತ್ರ ಇರುವುದುಂಟು. ಅದು ಓಡುವಾಗಿನ ಮಿತಿ. ನಿಂತ ಗಾಡಿಯ ಚಾವಣಿ ಅದಕ್ಕಿಂತ ಹೆಚ್ಚು ಹೊರುತ್ತದೆ, ನಿಜ. ಆದರೆ ಟೆಂಟ್ ಹೊತ್ತುಕೊಂಡು ಓರೆಯಾದ ದಾರಿಯಲ್ಲಿ ಹೋಗಬೇಕಾದದ್ದೂ ಅದೇ ಗಾಡಿ. ಚಾವಣಿಯ ಮೇಲೆ ನಾನು ಹಗುರ ಟಾರ್ಪಾಲು ಬಿಟ್ಟರೆ ಬೇರೇನೂ ಇಡುವುದಿಲ್ಲ.

ಒಳಗೆ ಮಲಗುವುದೆಂದು ತೀರ್ಮಾನವಾದ ಮೇಲೆ ಮೂರು ಅಳತೆ ಬೇಕು: ಹಿಂಬಾಗಿಲಿನಿಂದ ಪೂರ್ತಿ ಮುಂದೆ ಸರಿಸಿದ ಮುಂದಿನ ಸೀಟಿನ ಬೆನ್ನಿನವರೆಗಿನ ಉದ್ದ, ಹಿಂಚಕ್ರದ ಗೂಡುಗಳ ನಡುವಿನ ಅಗಲ, ನೆಲದಿಂದ ಚಾವಣಿಯ ಬಟ್ಟೆಯವರೆಗಿನ ಎತ್ತರ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ನೇರವಾಗಿ ಕೂರಬೇಕಾದರೆ ಹಾಸಿಗೆಯ ಮೇಲೆ ಸುಮಾರು 90 ಸೆಂಟಿಮೀಟರ್ ಬೇಕು. ಕೆಳಗೆ ಹೆಚ್ಚು ಸಾಮಾನು ಹಿಡಿಸಲಿ ಎಂದು ಮಂಚವನ್ನು 40 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿದರೆ ಮಳೆಯ ದಿನ ಒಳಗೆ ತೆವಳಿಕೊಂಡೇ ಇರಬೇಕಾಗುತ್ತದೆ, ಅಂಗಿ ಬದಲಿಸಲೂ ಆಗುವುದಿಲ್ಲ. ನಾನು ಮಂಚದ ಎತ್ತರವನ್ನು 25 ಸೆಂಟಿಮೀಟರ್ ದಾಟಲು ಬಿಡುವುದಿಲ್ಲ. ಫ್ರಿಜ್ ಅದರ ಕೆಳಗೆ ಹಿಡಿಸದು, ಪಕ್ಕದಲ್ಲಿ ನಿಲ್ಲುತ್ತದೆ.

ಹಿಂದಿನ ಸೀಟು ತೆಗೆದರೆ ತಗ್ಗಾದ, ಸಮವಾದ ನೆಲ ಸಿಗುತ್ತದೆ. ತೆಗೆಯುವ ಮುಂಚೆ ಸೀಟುಗಳ ಸಂಖ್ಯೆ ಬದಲಾದರೆ ನೋಂದಣಿ ಮತ್ತು ವಿಮೆಯಲ್ಲಿ ಏನು ಮಾಡಬೇಕು ಎಂದು ವಿಚಾರಿಸಿಕೊಳ್ಳಿ. ಮಂಚ ಕಟ್ಟಲು ನೆಲದಲ್ಲಿ ಹೊಸ ತೂತು ಕೊರೆಯಬೇಡಿ. ಕೆಳಗೆ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು ಇರುತ್ತವೆ. ಅವು ತಪ್ಪಿಸಿಕೊಂಡರೂ ತೂತಿನ ಅಂಚಿನಿಂದ ತುಕ್ಕು ಶುರುವಾಗುತ್ತದೆ. ಸೀಟು ಮತ್ತು ಸೀಟ್ ಬೆಲ್ಟಿನ ಬೋಲ್ಟ್‌ಗಳು ಕೂತಿದ್ದ ಜಾಗಗಳೇ ಸಾಕು. ಇಲ್ಲಿ ಒಂದು ಎಚ್ಚರ: ಸೀಟಿನ ಬೋಲ್ಟ್‌ಗಳು ಸಾಮಾನ್ಯವಾಗಿ ಎಂ8 ಅಥವಾ ಎಂ10 (8 ಅಥವಾ 10 ಮಿಲಿಮೀಟರ್ ದಪ್ಪ), ಆದರೆ ಸೀಟ್ ಬೆಲ್ಟಿನವು ಬಹುತೇಕ ಎಲ್ಲ ಕಾರುಗಳಲ್ಲೂ 7/16 ಇಂಚಿನ, ಇಂಚಿಗೆ 20 ಸುತ್ತಿನ ಯುಎನ್ಎಫ್ ಥ್ರೆಡ್, ಅಂದರೆ ಇಂಚಿನ ಅಳತೆಯ ಸಣ್ಣ ಸುತ್ತಿನದು. ಅದರೊಳಗೆ ಎಂ10 ಬೋಲ್ಟ್ ಸಲೀಸಾಗಿ ಇಳಿಯುತ್ತದೆ, ಹಿಡಿಯುವುದಿಲ್ಲ. ದಪ್ಪದ್ದನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳಾಗಿ, ಮುಂದೆ ಬೆಲ್ಟನ್ನು ಮರಳಿ ಕೂರಿಸಲಾಗದು. ಕಳಚಿದ ಪ್ರತಿ ಬೋಲ್ಟನ್ನೂ ಅದು ಬಂದ ಜಾಗದ ಹೆಸರು ಬರೆದ ಪೊಟ್ಟಣದಲ್ಲಿ ಇಡಿ.

ಚೌಕಟ್ಟಿಗೆ 30×30 ಮಿಲಿಮೀಟರಿನ ಟಿ-ಸ್ಲಾಟ್ ಅಲ್ಯೂಮಿನಿಯಂ (ಬದಿಗಳಲ್ಲಿ ನಟ್ಟು ಜಾರಿಸುವ ಕಾಲುವೆ ಇರುವ ಪಟ್ಟಿ) ನನಗೆ ಇಷ್ಟ. ವೆಲ್ಡಿಂಗ್ ಬೇಡ, ಅಳತೆ ತಪ್ಪಿದರೆ ಸಡಿಲಿಸಿ ಸರಿಸಬಹುದು. ಮೇಲಿನ ಹಲಗೆಗೆ 12 ಮಿಲಿಮೀಟರಿನ ಬರ್ಚ್ ಪ್ಲೈವುಡ್. ಅಡ್ಡಪಟ್ಟಿಗಳ ನಡುವಿನ ಅಂತರ 40 ಸೆಂಟಿಮೀಟರ್ ಮೀರದಿದ್ದರೆ ಮೊಣಕಾಲು ಊರಿದರೂ ಅದು ಬಾಗುವುದಿಲ್ಲ. 18 ಮಿಲಿಮೀಟರ್ ಬೇಕಾಗಿಲ್ಲ. ಚದರ ಮೀಟರಿಗೆ 12ರದ್ದು ಸುಮಾರು 8 ಕಿಲೋ, 18ರದ್ದು 12 ಕಿಲೋ. 185×100 ಸೆಂಟಿಮೀಟರಿನ ಮಂಚಕ್ಕೆ ಇಲ್ಲೇ ಏಳೂವರೆ ಕಿಲೋ ವ್ಯತ್ಯಾಸ. ಹಲಗೆಯಲ್ಲಿ 60 ಮಿಲಿಮೀಟರ್ ವ್ಯಾಸದ ಅರವತ್ತು ತೂತು ಕೊರೆದರೆ ಇನ್ನೂ 1.4 ಕಿಲೋ ಇಳಿಯುತ್ತದೆ. ಆ ತೂತುಗಳ ನಿಜವಾದ ಕೆಲಸ ಹಾಸಿಗೆಯ ಅಡಿಗೆ ಗಾಳಿ ಕೊಡುವುದು. ಮೈಯಿಂದ ಇಳಿಯುವ ತೇವ ಫೋಮಿನ ಮೂಲಕ ಬಂದು ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ. ತೂತಿಲ್ಲದ ಹಲಗೆಯ ಮೇಲೆ ಬಿಟ್ಟ ಹಾಸಿಗೆಯ ಅಡಿಭಾಗ ಬೂಷ್ಟು ಹಿಡಿಯುವುದು ಇದರಿಂದಲೇ. ಪ್ಲೈವುಡ್ ಕೊಯ್ಯುವ ಮುಂಚೆ ರಟ್ಟಿನಲ್ಲಿ ಒಂದು ಪ್ರತಿ ಕತ್ತರಿಸಿ ಗಾಡಿಯೊಳಗೆ ಹಾಸಿ ನೋಡಿ. ಒಳಗೋಡೆ ಎಲ್ಲೂ ನೇರವಾಗಿರುವುದಿಲ್ಲ. ಬಾಗಿಲಿನಿಂದ ಹಲಗೆ ಒಳಗೆ ಹೋಗುತ್ತದೋ ಇಲ್ಲವೋ ಎಂಬುದೂ ಆಗಲೇ ಗೊತ್ತಾಗುತ್ತದೆ.

ಮೂರು ಬಾಗಿಲಿನ ಗಾಡಿಯಲ್ಲಿ ಪೂರ್ತಿ ಉದ್ದ ಸಿಗಬೇಕಾದರೆ ಮಂಚದ ತಲೆಭಾಗ ಮಡಚುವಂತಿರಬೇಕು. ಉದ್ದದ ಪಿಯಾನೋ ಹಿಂಜ್ ಹಾಕಿದ ಹಲಗೆಯನ್ನು ರಾತ್ರಿ ಮುಂದಕ್ಕೆ ಬಗ್ಗಿಸಿದ ಸೀಟಿನ ಮೇಲಕ್ಕೆ ಬಿಡಿಸುತ್ತೇನೆ. ಸೀಟಿನ ಬೆನ್ನಿನ ಮೇಲೆ ಭಾರ ಬಿಡಬಾರದು, ಅದರ ಓರೆ ಹೊಂದಿಸುವ ಗೇರು ಆ ದಿಕ್ಕಿನ ಒತ್ತಡಕ್ಕೆ ಮಾಡಿದ್ದಲ್ಲ. ಕೆಳಗೆ ಎತ್ತರ ಹೊಂದಿಸಬಹುದಾದ ಎರಡು ಕಾಲು ಕೊಡಿ. ಗಾಡಿ ಓಡುವಾಗ ಈ ಹಲಗೆ ಹಿಂದಕ್ಕೆ ಮಡಚಿ ಚಿಲಕ ಬಿದ್ದಿರಬೇಕು, ಹೆಡ್‌ರೆಸ್ಟ್ ತನ್ನ ಜಾಗಕ್ಕೆ ಮರಳಿರಬೇಕು. ಒಬ್ಬರೇ ಹೋಗುವವರಿಗೆ ನನ್ನ ಸಲಹೆ ಬೇರೆ: ಪಕ್ಕದ ಸೀಟಿನ ಕಡೆಗೆ ಮಾತ್ರ 65 ಸೆಂಟಿಮೀಟರ್ ಅಗಲದ ಮಂಚ ಕಟ್ಟಿ, ಚಾಲಕನ ಹಿಂದಿನ ಜಾಗವನ್ನು ಪೂರ್ತಿ ಸಾಮಾನಿಗೆ ಬಿಡಿ. ಚಾಲಕನ ಸೀಟು ಖಾಲಿ ಇರುವುದರಿಂದ ರಾತ್ರಿ ಏನಾದರೂ ಆದರೆ ಕೆಳಗಿಳಿಯದೆ ಹೊರಟುಬಿಡಬಹುದು.

ಭಾರವೆಲ್ಲ ತಗ್ಗಿನಲ್ಲಿ, ಹಿಂದಿನ ಆಕ್ಸಲಿನ (ಎರಡು ಹಿಂಚಕ್ರಗಳನ್ನು ಜೋಡಿಸುವ ಅಚ್ಚಿನ) ಮುಂದೆ ಇರಲಿ. ಜಿಮ್ನಿಯ ಎರಡು ಆಕ್ಸಲ್‌ಗಳ ನಡುವಿನ ದೂರ 2,250 ಮಿಲಿಮೀಟರ್ ಮಾತ್ರ. ಅಷ್ಟು ಗಿಡ್ಡ ಗಾಡಿಯಲ್ಲಿ ಆಕ್ಸಲಿನ ಹಿಂದೆ ಇಟ್ಟ ಭಾರ ಮುಂಭಾಗವನ್ನು ಎತ್ತುತ್ತದೆ, ಕಡಿದಾದ ಏರಿನಲ್ಲಿ ಸ್ಟಿಯರಿಂಗ್ ಹಗುರಾಗುತ್ತದೆ. ನೀರಿಗೆ ಒಂದು ದೊಡ್ಡ ಕ್ಯಾನಿಗಿಂತ ಹತ್ತು ಲೀಟರಿನ ಎರಡು ಮೇಲು. ಎಲ್ಲವನ್ನೂ ಚೌಕಟ್ಟಿಗೆ ಪಟ್ಟಿ ಬಿಗಿದು ಕಟ್ಟಬೇಕು. ಗಾಡಿ ಡಿಕ್ಕಿ ಹೊಡೆದಾಗ 20 ಜಿ ವೇಗಕುಸಿತ, ಅಂದರೆ ಭೂಮಿಯ ಸೆಳೆತದ ಇಪ್ಪತ್ತು ಪಟ್ಟು, ಅಸಾಧಾರಣವೇನಲ್ಲ. ಆಗ 20 ಕಿಲೋದ ಫ್ರಿಜ್ 400 ಕಿಲೋದ ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಹಿಗ್ಗುವ ರಬ್ಬರ್ ಹಗ್ಗ ಅದನ್ನು ತಡೆಯದು.

ವಿದ್ಯುತ್ತಿಗೆ 12.8 ವೋಲ್ಟಿನ 50 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು, ಅಂದರೆ 640 ವಾಟ್-ಅವರ್. ತೂಕ ಆರು ಕಿಲೋದ ಆಸುಪಾಸು. ಅಷ್ಟೇ ಬಳಕೆ ಕೊಡುವ ಲೆಡ್ ಆಸಿಡ್ ಬ್ಯಾಟರಿ 25 ಕಿಲೋ ದಾಟುತ್ತದೆ, ಏಕೆಂದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ. ಬಿಸಿಲಿನ ದಿನಗಳಲ್ಲಿ ಸಣ್ಣ ಕಂಪ್ರೆಸರ್ ಫ್ರಿಜ್ ದಿನಕ್ಕೆ 25ರಿಂದ 35 ಆಂಪಿಯರ್-ಅವರ್ ತಿನ್ನುತ್ತದೆ. ಚಾರ್ಜಿಂಗಿಗೆ ಗಾಡಿ ಓಡುವಾಗ ಅದರ ವಿದ್ಯುತ್ತಿನಿಂದ ಈ ಬ್ಯಾಟರಿಯನ್ನು ತುಂಬುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಎರಡು ತಾಸಿನ ಓಟದಲ್ಲಿ 40 ಆಂಪಿಯರ್-ಅವರ್ ಹತ್ತಿರ ತುಂಬುತ್ತದೆ. ಸಣ್ಣ ಎಂಜಿನ್ನಿನ ಆಲ್ಟರ್ನೇಟರಿಗೆ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕಕ್ಕೆ) ಇದಕ್ಕಿಂತ ಹೆಚ್ಚು ಹೊರಿಸಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಚಳಿಯ ಜಾಗಗಳಿಗೆ ಹೋಗುವವರು ತಾನೇ ಚಾರ್ಜ್ ನಿಲ್ಲಿಸುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಇರುವುದನ್ನೇ ಕೊಳ್ಳಬೇಕು.

ವೈರಿನ ದಪ್ಪದಲ್ಲಿ ಉಳಿತಾಯ ಮಾಡಿದರೆ ಉಳಿದ ಖರ್ಚೆಲ್ಲ ವ್ಯರ್ಥ. ಎಂಜಿನ್ ಕೋಣೆಯಲ್ಲಿರುವ ಗಾಡಿಯ ಬ್ಯಾಟರಿಯಿಂದ ಚಾರ್ಜರಿನವರೆಗೆ ನಾಲ್ಕು ಮೀಟರ್ ಎಂದರೆ ಹೋಗಿಬರುವ ದಾರಿ ಎಂಟು ಮೀಟರ್. 24 ಆಂಪಿಯರ್ ಹರಿದಾಗ 6 ಚದರ ಮಿಲಿಮೀಟರಿನ ತಾಮ್ರದಲ್ಲಿ 0.56 ವೋಲ್ಟ್ ನಷ್ಟ, 10ರಲ್ಲಿ 0.34 ವೋಲ್ಟ್. ನಾನು 10ನ್ನೇ ಹಾಕುತ್ತೇನೆ. ಈ ವೈರಿನ ಎರಡೂ ತುದಿಯ ಕಡೆ ಬ್ಯಾಟರಿ ಇರುವುದರಿಂದ ಫ್ಯೂಸ್ ಕೂಡ ಎರಡೂ ಕಡೆ ಬೇಕು. ಬ್ಯಾಟರಿಯ ಪ್ಲಸ್ ಟರ್ಮಿನಲಿನಿಂದ 15-20 ಸೆಂಟಿಮೀಟರ್ ಒಳಗೆ 40 ಆಂಪಿಯರಿನದು ಸರಿ. ಎಂಜಿನ್ ಕೋಣೆಯ ಗೋಡೆ ದಾಟಿಸಲು ಈಗಾಗಲೇ ಇರುವ ರಬ್ಬರ್ ಬಿರಡೆಯ ತೂತನ್ನೇ ಬಳಸಿ. ತಗಡಿನ ಅಂಚಿಗೆ ಉಜ್ಜುವ ವೈರು ಒಂದಲ್ಲ ಒಂದು ದಿನ ಶಾರ್ಟ್ ಆಗುತ್ತದೆ. ಮೈನಸ್ ವೈರನ್ನು ಗಾಡಿಯ ಲೋಹದ ಮೈಗೆ ಜೋಡಿಸುವುದಾದರೆ ಬಣ್ಣ ಕೆರೆದು ಬರಿಯ ಲೋಹಕ್ಕೆ ಬಿಗಿದು ಮೇಲೆ ಗ್ರೀಸ್ ಸವರಬೇಕು. ಬ್ಯಾಟರಿ ತುಂಬಿದ್ದರೂ ಫ್ರಿಜ್ ಪದೇ ಪದೇ ನಿಲ್ಲುತ್ತಿದ್ದರೆ ಸಿಗರೇಟ್ ಲೈಟರ್ ಸಾಕೆಟ್ಟನ್ನು ನೋಡಿ. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಅದರ ತೆಳು ವೈರು ಮತ್ತು ಸಡಿಲ ಪಿನ್ನಿನಲ್ಲಿ ವೋಲ್ಟೇಜ್ ಕುಸಿದು ಫ್ರಿಜ್ಜು ಬ್ಯಾಟರಿ ಮುಗಿಯಿತೆಂದು ತಿಳಿಯುತ್ತದೆ. ಬ್ಯಾಟರಿಯಿಂದ ನೇರ 4 ಚದರ ಮಿಲಿಮೀಟರಿನ ವೈರು, ತುದಿಗೆ ಬಿಗಿಯಾಗಿ ಕೂರುವ ಆ್ಯಂಡರ್ಸನ್ ಕನೆಕ್ಟರ್ ಹಾಕಿದರೆ ಈ ತೊಂದರೆ ಮುಗಿಯಿತು.

ಇಬ್ಬರು ಮಲಗಿದ ಸಣ್ಣ ಗಾಡಿಯ ಗಾಜುಗಳು ಬೆಳಗಾಗುವಷ್ಟರಲ್ಲಿ ನೀರಿಳಿಸುತ್ತವೆ. ಉಸಿರು ಮತ್ತು ಮೈಯಿಂದ ಹೊರಬಿದ್ದ ತೇವವೇ ಅದು. ಒಂದೇ ಕಿಟಕಿ ತೆರೆದರೆ ಗಾಳಿ ಕದಲುವುದಿಲ್ಲ, ಎದುರುಬದುರು ಎರಡು ಬೇಕು. ಬಾಗಿಲ ಮೇಲೆ ಮಳೆಪಟ್ಟಿ ಇದ್ದರೆ ಗಾಜನ್ನು ಎರಡು ಸೆಂಟಿಮೀಟರ್ ಇಳಿಸಿದರೂ ನೀರು ಬೀಳದು. ಸೊಳ್ಳೆ ಜಾಲರಿ ಹಾಕಿದಾಗ ಗಾಳಿ ತಗ್ಗುತ್ತದೆ, ಗಾಜು ಇನ್ನಷ್ಟು ಇಳಿಯಬೇಕು. ಗಾಳಿಯೇ ಇಲ್ಲದ ರಾತ್ರಿಗೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಕಿಟಕಿಗೆ ಕೂರಿಸಿ. 0.15 ಆಂಪಿಯರಿನದು ಎಂಟು ಗಂಟೆಗೆ 1.2 ಆಂಪಿಯರ್-ಅವರ್ ಮಾತ್ರ ಬಳಸುತ್ತದೆ. ಬಾಗಿಲ ಒಳಗೆ ಫೋಮ್ ಅಂಟಿಸುವವರು ಕೆಳಗಿನ ನೀರು ಬಸಿಯುವ ತೂತುಗಳನ್ನು ಮುಚ್ಚಬಾರದು. ಚಳಿಯಾಯಿತೆಂದು ಒಲೆಯನ್ನು ಒಳಗೆ ಹಚ್ಚುವುದಂತೂ ಬೇಡವೇ ಬೇಡ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ (ಸಿಒ) ವಾಸನೆಯಿಲ್ಲ, ನಿದ್ದೆಯಲ್ಲಿ ಅದು ಎಚ್ಚರಿಸುವುದೂ ಇಲ್ಲ. ಹೀಟರ್ ಇರಲಿ ಇಲ್ಲದಿರಲಿ, ತಲೆಯ ಹತ್ತಿರ ಒಂದು ಸಿಒ ಅಲಾರಂ ಇರಲಿ.

ಅಡುಗೆ ಹಿಂಬಾಗಿಲ ಹತ್ತಿರ ಹೊರಗೆ. ಪಕ್ಕಕ್ಕೆ ತೆರೆಯುವ ಬಾಗಿಲು ತಲೆಯ ಮೇಲೆ ನೆರಳಾಗುವುದಿಲ್ಲ, ಟಾರ್ಪಾಲಿನ ಒಂದು ಅಂಚನ್ನು ಚಾವಣಿಯ ನೀರುಗಾಲುವೆಗೆ ಸಿಕ್ಕಿಸಿಕೊಳ್ಳಬೇಕು. ಬಾಗಿಲಿಗೆ ಜೋಡಿಸುವ ಮಡಚುಮೇಜನ್ನು ಹಗುರವಾಗಿಯೇ ಇಡಿ, ಸ್ಟೆಪ್ನಿಯ ಭಾರ ಆ ಹಿಂಜುಗಳ ಮೇಲೆ ಮೊದಲೇ ಇದೆ.

ಕೆಲಸ ಮುಗಿದ ಮೇಲೆ ಎಲ್ಲ ತುಂಬಿ, ಜನರೂ ಕೂತು ವೇಬ್ರಿಡ್ಜ್ ಹತ್ತಿಸಿ. ಮುಂದಿನ ಮತ್ತು ಹಿಂದಿನ ಆಕ್ಸಲನ್ನು ಬೇರೆಬೇರೆಯಾಗಿ ತೂಗಿಸಿ, ಹಿಂದಿನದು ತನ್ನ ಮಿತಿ ದಾಟಿದ್ದರೆ ಸ್ಪ್ರಿಂಗ್ ಬದಲಿಸುವ ಯೋಚನೆಗೆ ಮುಂಚೆ ಸಾಮಾನು ಇಳಿಸಿ. ಗಟ್ಟಿ ಸ್ಪ್ರಿಂಗ್ ಗಾಡಿಯನ್ನು ಎತ್ತಿ ನಿಲ್ಲಿಸುತ್ತದೆಯೇ ಹೊರತು ಮಿತಿಯನ್ನು ಏರಿಸುವುದಿಲ್ಲ. ಟೈರಿನ ಗಾಳಿ ಬಾಗಿಲ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಬರೆದಷ್ಟು ಇರಲಿ. ಕೆಟ್ಟ ರಸ್ತೆಯಲ್ಲಿ ಮೊದಲ ನೂರು ಕಿಲೋಮೀಟರ್ ಆದ ಮೇಲೆ ಟಿ-ಸ್ಲಾಟಿನ ಪ್ರತಿ ನಟ್ಟನ್ನೂ ಮತ್ತೆ ಬಿಗಿಯಿರಿ, ಅದುರುವಿಕೆಗೆ ಅವು ಸಡಿಲಾಗುವುದು ಖಂಡಿತ. ನಟ್ಟು ಸಡಿಲಾಗದಂತೆ ಹಿಡಿಯುವ ಅಂಟು, ಥ್ರೆಡ್ ಲಾಕರ್, ಹಾಕುವುದು ಈ ಎರಡನೇ ಬಿಗಿತದಲ್ಲಿ, ಅಷ್ಟರಲ್ಲಿ ಚೌಕಟ್ಟು ತನ್ನ ಜಾಗದಲ್ಲಿ ಕೂತಿರುತ್ತದೆ. ಆಮೇಲೂ ಕಿರ್ ಕಿರ್ ಸದ್ದು ಉಳಿದರೆ ಪ್ಲೈವುಡ್ಡು ಅಲ್ಯೂಮಿನಿಯಮ್ಮಿಗೆ ತಾಗುವ ಕಡೆಯಲ್ಲೆಲ್ಲ ಫೆಲ್ಟ್ ಪಟ್ಟಿ ಅಂಟಿಸಿ.