ಅಡಿಕೆ ಧಾರಣೆಯ ಲೆಕ್ಕಕ್ಕೆ ಆರ್, ಬರೆಯಲು ವಿಎಸ್ ಕೋಡ್: ಕನ್ನಡ ಕೆಡದಂತೆ ಜೋಡಿಸುವ ಬಗೆ

ಶಿವಮೊಗ್ಗದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವವಳು ನಾನು. ಪ್ರಾಜೆಕ್ಟ್ ಕಾಲ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಮಕ್ಕಳು ತಮ್ಮ ಊರಿನ ದತ್ತಾಂಶವನ್ನೇ ಹಿಡಿದುಕೊಂಡು ಬರುತ್ತಾರೆ. ಅಡಿಕೆ ಧಾರಣೆ, ಮಳೆ ಲೆಕ್ಕ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನಗಳು. ಅದರೊಳಗಿನ ಹೆಸರುಗಳೆಲ್ಲ ಕನ್ನಡದಲ್ಲಿರುತ್ತವೆ, ಇರಲೂಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗ್ ಹಾಕುತ್ತಾರೆ. ಲೆಕ್ಕ ಅಲ್ಲೇ ಎಡವುತ್ತದೆ. ಹಾಗಾಗಿ ಸಂಖ್ಯಾಶಾಸ್ತ್ರದ ಲೆಕ್ಕ ಮಾಡುವ ಆರ್ ತಂತ್ರಾಂಶಕ್ಕೆ ಒಂದು ಎಡಿಟರ್, ಅಂದರೆ ಕೋಡ್ ಬರೆಯುವ ತಂತ್ರಾಂಶ, ಜೋಡಿಸುವ ಹೊತ್ತಿಗೇ, ಕನ್ನಡ ಅಕ್ಷರ ಫೈಲಿನಿಂದ ನಕ್ಷೆಯವರೆಗೆ (ಗ್ರಾಫ್‌ವರೆಗೆ) ಕೆಡದೆ ಸಾಗುವಂತೆ ನೋಡಿಕೊಳ್ಳಬೇಕು. ಅದನ್ನು ಹೇಗೆ ಮಾಡುವುದೆಂದು ಇಲ್ಲಿ ಬರೆಯುತ್ತಿದ್ದೇನೆ. ಆಜ್ಞೆಗಳ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಎಡಿಟರ್ ಯಾಕೆ ಬೇಕು, ಆರ್ ತೆರೆದರೆ ಬರುವ ಕನ್ಸೋಲ್‌ನಲ್ಲೇ ಟೈಪ್ ಮಾಡಿದರೆ ಸಾಲದೇ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸಾಲದು. ಕನ್ಸೋಲ್‌ನಲ್ಲಿ ಬರೆದದ್ದು ನೀರ ಮೇಲಿನ ಬರಹ. ಮಾರ್ಗದರ್ಶಕರು ಮುಂದಿನ ವಾರ ಕರೆದು 'ಈ ಸರಾಸರಿ ಎಲ್ಲಿಂದ ಬಂತು' ಎಂದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಲೆಕ್ಕದ ಪ್ರತಿ ಹೆಜ್ಜೆಯೂ ಒಂದು ಸಾದಾ ಪಠ್ಯ ಫೈಲಿನಲ್ಲಿರಬೇಕು, ಅಲ್ಲಿಂದ ಒಂದೊಂದೇ ಸಾಲು ಆರ್‌ಗೆ ಹೋಗಬೇಕು. ಬರೆಯುವ ಜಾಗ ಬೇರೆ, ಲೆಕ್ಕ ನಡೆಯುವ ಜಾಗ ಬೇರೆ. ಇದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಬರಿಯ ಜೋಡಣೆ.

ಮೊದಲು ಆರ್. ವಿಂಡೋಸ್ ಬಳಸುವವರು 4.2.0 ಅಥವಾ ಅದರ ನಂತರದ ಆವೃತ್ತಿಯನ್ನೇ ಹಾಕಿಕೊಳ್ಳಿ. ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಬಂದ ಆ ಆವೃತ್ತಿಯಿಂದ ವಿಂಡೋಸ್ ಮೇಲಿನ ಆರ್ ಯುಟಿಎಫ್-8 ಅನ್ನು, ಅಂದರೆ ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಬರೆದಿಡುವ ಯುನಿಕೋಡ್ ವಿಧಾನವನ್ನು, ತನ್ನ ಸ್ವಂತ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಯಾಗಿ ಉಳಿಸುವ ಕ್ರಮ) ಆಗಿ ಬಳಸುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ಕನ್ನಡ ಪದದ ಬದಲಿಗೆ ಕೋನಾಕಾರದ ಆವರಣದೊಳಗೆ ಯುನಿಕೋಡ್ ಸಂಖ್ಯೆಗಳು ಸಾಲುಗಟ್ಟಿ ಬರುತ್ತಿದ್ದವು. ವಿಂಡೋಸ್ 10 ಆಗಿದ್ದರೆ ಅದು 1903 ಅಥವಾ ನಂತರದ ಆವೃತ್ತಿಯಾಗಿರಬೇಕು. ಆರ್ ತೆರೆದು 'ಎಲ್10ಎನ್_ಇನ್ಫೋ' ಎಂಬ ಆಜ್ಞೆಯನ್ನು ಖಾಲಿ ಆವರಣದೊಂದಿಗೆ ಕೊಡಿ. ಯುಟಿಎಫ್-8ರ ಮುಂದೆ 'ಟ್ರೂ' ಎಂದು ಬಂದರೆ ಮುಂದುವರಿಯಬಹುದು. ಲಿನಕ್ಸ್‌ನಲ್ಲಿ ಈ ತೊಡಕು ಸಾಮಾನ್ಯವಾಗಿ ಇರುವುದಿಲ್ಲ.

ಅದೇ ಕನ್ಸೋಲ್‌ನಲ್ಲಿ 'ಇನ್‌ಸ್ಟಾಲ್ ಡಾಟ್ ಪ್ಯಾಕೇಜಸ್' ಆಜ್ಞೆಯಿಂದ 'ಲ್ಯಾಂಗ್ವೇಜ್‌ಸರ್ವರ್' ಎಂಬ ಪ್ಯಾಕೇಜನ್ನು, ಅಂದರೆ ಆರ್‌ಗೆ ಸೇರಿಸುವ ಹೆಚ್ಚುವರಿ ಆಜ್ಞೆಗಳ ಕಟ್ಟನ್ನು, ಹಾಕಿಕೊಳ್ಳಿ. ಹೆಸರು ಒಂದೇ ಪದ, ಉದ್ಧರಣ ಚಿಹ್ನೆಯೊಳಗೆ ಇರಬೇಕು. ವೈಯಕ್ತಿಕ ಲೈಬ್ರರಿ ಮಾಡಲೇ ಎಂದು ವಿಂಡೋಸ್‌ನಲ್ಲಿ ಕೇಳಿದರೆ ಹೌದು ಎನ್ನಿ. ಆವರಣ ಮುಚ್ಚದಿದ್ದರೆ ಎಚ್ಚರಿಸುವುದು, ಅರ್ಧ ಬರೆದ ಆಜ್ಞೆಯನ್ನು ಪೂರ್ತಿ ಮಾಡಿಕೊಡುವುದು, ಆಜ್ಞೆಯ ಮೇಲೆ ಮೌಸ್ ಇಟ್ಟರೆ ಅದರ ವಿವರಣೆ ತೋರಿಸುವುದು ಎಲ್ಲವೂ ಈ ಪ್ಯಾಕೇಜಿನ ಕೆಲಸ. ಲಿನಕ್ಸ್‌ನಲ್ಲಿ ಇದು ಮೂಲದಿಂದ ಕಂಪೈಲ್ ಆಗುವುದರಿಂದ ಹೊತ್ತು ಹಿಡಿಯುತ್ತದೆ, ಮಧ್ಯದಲ್ಲಿ ನಿಲ್ಲಿಸಬೇಡಿ.

ಆಮೇಲೆ ವಿಎಸ್ ಕೋಡ್ ಎಂಬ ಎಡಿಟರ್ ಹಾಕಿ, ಎಕ್ಸ್‌ಟೆನ್ಷನ್ (ಎಡಿಟರ್‌ಗೆ ಸೇರಿಸುವ ಪೂರಕ ತಂತ್ರಾಂಶ) ಫಲಕದಲ್ಲಿ 'ಆರ್' ಎಂದು ಹುಡುಕಿ. ಆ ಹೆಸರಿನಲ್ಲಿ ಹಲವು ಕಾಣಿಸಿಕೊಳ್ಳುತ್ತವೆ. ಪ್ರಕಾಶಕರ ಹೆಸರು 'ಆರ್‌ಎಡಿಟರ್‌ಸಪೋರ್ಟ್' ಎಂದಿರುವುದನ್ನೇ ಆರಿಸಿ. ಹೊಸನಗರದ ಒಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಅಂಗಳದ ಒಂದು ಮೂಲೆಗೆ ಮಾತ್ರ ಸಿಗುತ್ತದೆಂದು ನನಗೆ ಗೊತ್ತು. ಅಂಥವರು ಪೇಟೆಗೆ ಬಂದಾಗ ಎಕ್ಸ್‌ಟೆನ್ಷನ್‌ನ ವಿಎಸ್‌ಐಎಕ್ಸ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬಹುದು. ಎಕ್ಸ್‌ಟೆನ್ಷನ್ ಫಲಕದ ಮೇಲಿರುವ ಮೂರು ಚುಕ್ಕೆ ಒತ್ತಿದರೆ ಅಂಥ ಫೈಲಿನಿಂದ ಅನುಸ್ಥಾಪಿಸುವ ಆಯ್ಕೆ ಇದೆ.

ವಿಂಡೋಸ್‌ನಲ್ಲಿ ಆರ್ ಎಲ್ಲಿದೆ ಎಂದು ಎಕ್ಸ್‌ಟೆನ್ಷನ್ ತಾನೇ ಪತ್ತೆ ಮಾಡುತ್ತದೆ. ಮಾಡದಿದ್ದರೆ ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀಲಿ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. 'ಆರ್‌ಪಾತ್' ಮತ್ತು 'ಆರ್‌ಟರ್ಮ್' ಎಂಬ ಎರಡು ಸೆಟ್ಟಿಂಗ್‌ಗಳನ್ನು ಹುಡುಕಿ, ಪ್ರೋಗ್ರಾಮ್ ಫೈಲ್ಸ್ ಒಳಗಿನ ಆರ್ ಫೋಲ್ಡರ್‌ನಲ್ಲಿರುವ ಕಾರ್ಯಕಾರಿ ಫೈಲಿನ ಪೂರ್ಣ ವಿಳಾಸವನ್ನು ಎರಡಕ್ಕೂ ಕೊಡಿ. ಮೊದಲನೆಯದು ಸಹಾಯ ಮತ್ತು ಎಚ್ಚರಿಕೆಗಳಿಗೆ, ಎರಡನೆಯದು ಲೆಕ್ಕ ನಡೆಯುವ ಟರ್ಮಿನಲ್‌ಗೆ.

ಸೆಟ್ಟಿಂಗ್ಸ್ ತೆರೆದಿರುವಾಗಲೇ ಅಕ್ಷರದ ಕೆಲಸವನ್ನೂ ಮುಗಿಸಿಬಿಡಿ. ಕೋಡ್ ಬರೆಯಲು ಬಳಸುವ ಸಮ ಅಗಲದ ಫಾಂಟ್‌ಗಳಲ್ಲಿ ಕನ್ನಡ ಇರುವುದಿಲ್ಲ. ಹಾಗಾಗಿ ಫಾಂಟ್ ಫ್ಯಾಮಿಲಿ ಪೆಟ್ಟಿಗೆಯಲ್ಲಿ ಎರಡು ಹೆಸರು ಕೊಡಬೇಕು: ಮೊದಲು ಕನ್ಸೋಲಾಸ್, ಅಲ್ಪವಿರಾಮ ಹಾಕಿ ನಿರ್ಮಲಾ ಯುಐ. ಲಿನಕ್ಸ್ ಆದರೆ ಎರಡನೆಯದು ನೋಟೋ ಸ್ಯಾನ್ಸ್ ಕನ್ನಡ. ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ. ನಂತರ ಲೈನ್ ಹೈಟ್ 1.7 ಮಾಡಿ. 8ಕ್ಕಿಂತ ಕಡಿಮೆ ಸಂಖ್ಯೆ ಕೊಟ್ಟರೆ ಅದು ಫಾಂಟ್ ಗಾತ್ರದ ಅಷ್ಟು ಪಟ್ಟು ಎಂದರ್ಥ. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ಇಕ್ಕಟ್ಟಿನ ಸಾಲಿನಲ್ಲಿ 'ಬೆಟ್ಟೆ'ಯ ಒತ್ತು ಕೆಳಗಿನ ಸಾಲಿಗೆ ತಾಗಿ ಕಣ್ಣು ದಣಿಯುತ್ತದೆ. ಕೊನೆಗೆ ಫೈಲ್ ಮೆನುವಿನಲ್ಲಿ ಆಟೋ ಸೇವ್ ಆನ್ ಮಾಡಿ. ಆಷಾಢದಲ್ಲಿ ಮರ ಬಿದ್ದು ಕರೆಂಟ್ ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಎಷ್ಟು ನಂಬಬಹುದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ.

ಇನ್ನು ಕೆಲಸ ಮಾಡುವ ಕ್ರಮ. ಪ್ರಾಜೆಕ್ಟ್‌ಗೆ ಒಂದು ಫೋಲ್ಡರ್ ಮಾಡಿ, ದತ್ತಾಂಶದ ಫೈಲನ್ನು ಅದರೊಳಗೇ ಇಟ್ಟು, ಓಪನ್ ಫೋಲ್ಡರ್ ಮೂಲಕ ಇಡೀ ಫೋಲ್ಡರನ್ನು ತೆರೆಯಿರಿ. ಆಗ ಆರ್ ಆ ಜಾಗದಿಂದಲೇ ಹೊರಡುತ್ತದೆ, ಫೈಲಿನ ಹೆಸರಷ್ಟೇ ಬರೆದರೆ ಸಾಕು. ನಿಮ್ಮ ಲ್ಯಾಪ್‌ಟಾಪಿನ ಉದ್ದನೆಯ ವಿಳಾಸವನ್ನು ಕೋಡ್‌ನಲ್ಲಿ ಬರೆದಿಟ್ಟರೆ ಅದು ಗೆಳತಿಯ ಲ್ಯಾಪ್‌ಟಾಪಿನಲ್ಲಿ ನಡೆಯುವುದಿಲ್ಲ. ಹೊಸ ಫೈಲಿನ ಹೆಸರಿನ ಕೊನೆಗೆ 'ಡಾಟ್ ಆರ್' ಎಂದು ಕೊಟ್ಟು ಉಳಿಸಿ, ಒಂದು ಸಾಲು ಬರೆದು ಕಂಟ್ರೋಲ್ ಹಿಡಿದು ಎಂಟರ್ ಒತ್ತಿ. ಕೆಳಗೆ ಟರ್ಮಿನಲ್ ತೆರೆದುಕೊಂಡು ಆ ಸಾಲು ಅಲ್ಲಿ ನಡೆಯುತ್ತದೆ. ಹಲವು ಸಾಲು ಆಯ್ದುಕೊಂಡು ಒತ್ತಿದರೆ ಅಷ್ಟೂ ಹೋಗುತ್ತವೆ. ದಿನವಿಡೀ ಬೇಕಾಗುವುದು ಈ ಒಂದೇ ಕೀಲಿ ಜೋಡಿ.

ಟರ್ಮಿನಲ್‌ನಲ್ಲಿ ಕನ್ನಡ ಒಡೆದು ಕಾಣುವುದನ್ನು ನೋಡಿ ಎಷ್ಟೋ ಮಕ್ಕಳು ದತ್ತಾಂಶವೇ ಕೆಟ್ಟಿತೆಂದು ಹೆದರುತ್ತಾರೆ. ಕೆಟ್ಟಿರುವುದಿಲ್ಲ. ಟರ್ಮಿನಲ್ ಎಂಬುದು ಸಮ ಅಗಲದ ಮನೆಗಳಲ್ಲಿ ಒಂದೊಂದೇ ಅಕ್ಷರ ಕೂರಿಸುವ ವ್ಯವಸ್ಥೆ. ಅದಕ್ಕೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಸಂಶಯ ಬಂದಾಗಲೆಲ್ಲ 'ವ್ಯೂ' ಆಜ್ಞೆ ಕೊಡಿ. ಇದರ ಮೊದಲ ಅಕ್ಷರ ಮಾತ್ರ ದೊಡ್ಡದು. ದತ್ತಾಂಶ ಪ್ರತ್ಯೇಕ ಟ್ಯಾಬ್‌ನಲ್ಲಿ ಕೋಷ್ಟಕವಾಗಿ ತೆರೆದುಕೊಳ್ಳುತ್ತದೆ, ಅಲ್ಲಿ ಅಕ್ಷರಗಳು ಪುಸ್ತಕದಲ್ಲಿರುವಂತೆ ನೆಟ್ಟಗಿರುತ್ತವೆ. ಅಲ್ಲಿಯೂ ಕೆಟ್ಟಿದ್ದರೆ ಮಾತ್ರ ಚಿಂತಿಸಿ.

ಹಾಗೆ ನಿಜಕ್ಕೂ ಕೆಡುವುದು ಬಹುಮಟ್ಟಿಗೆ ಎಕ್ಸೆಲ್‌ನಿಂದ ಹೊರಬರುವಾಗ. ಸೇವ್ ಆಸ್ ಪಟ್ಟಿಯಲ್ಲಿ ಬರಿಯ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಆ ಫೈಲಿನಿಂದ ಅದನ್ನು ಮರಳಿ ಪಡೆಯಲಾಗದು. 'ಸಿಎಸ್‌ವಿ ಯುಟಿಎಫ್-8' ಎಂಬುದನ್ನೇ ಆರಿಸಬೇಕು. ಆ ಫೈಲಿನ ತಲೆಯಲ್ಲಿ ಬಿಒಎಂ ಎಂಬ ಕಾಣದ ಗುರುತು ಇರುತ್ತದೆ. 'ರೀಡ್ ಡಾಟ್ ಸಿಎಸ್‌ವಿ' ಆಜ್ಞೆಯ 'ಫೈಲ್‌ಎನ್‌ಕೋಡಿಂಗ್' ಜಾಗದಲ್ಲಿ 'ಯುಟಿಎಫ್-8-ಬಿಒಎಂ' ಎಂದು ಕೊಡದಿದ್ದರೆ ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು ಬರಬಹುದು. ಹಳೆಯ ಕಚೇರಿ ಫೈಲುಗಳದ್ದು ಬೇರೆ ಕಥೆ. ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಬರೆದ ಪಠ್ಯ ಕಣ್ಣಿಗೆ ಕನ್ನಡ, ಒಳಗೆ ಲ್ಯಾಟಿನ್ ಅಕ್ಷರ. ಎಡಿಟರ್‌ನಲ್ಲಿ ತೆರೆದೊಡನೆ ಅದರ ಬಣ್ಣ ಬಯಲಾಗುತ್ತದೆ. ಅಂಥದ್ದನ್ನು ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ತಂದುಕೊಳ್ಳಿ.

ತೀರ್ಥಹಳ್ಳಿ ಕಡೆಯ ಹಿರಿಯರು ತೋಟದ ಮಳೆಮಾಪಕದ ಲೆಕ್ಕವನ್ನು ಕನ್ನಡ ಅಂಕಿಗಳಲ್ಲೇ ಬರೆದಿಟ್ಟಿರುತ್ತಾರೆ. ಮೊಮ್ಮಕ್ಕಳು ಅದನ್ನು ಹಾಗೆಯೇ ಟೈಪ್ ಮಾಡುತ್ತಾರೆ. ನನಗೆ ಅದು ತುಂಬ ಇಷ್ಟ. ಆದರೆ ಆರ್‌ಗೆ ೧೨೫ ಎಂಬುದು ಸಂಖ್ಯೆಯಲ್ಲ, ಪದ. 'ಸಿಎಚ್‌ಎಆರ್‌ಟಿಆರ್' ಆಜ್ಞೆಗೆ ಮೊದಲು ೦೧೨೩೪೫೬೭೮೯, ಆಮೇಲೆ 0123456789, ಕೊನೆಗೆ ಕಾಲಂನ ಹೆಸರು ಕೊಟ್ಟರೆ ಅಂಕಿಗಳು ಬದಲಾಗುತ್ತವೆ. ನಂತರ 'ಆ್ಯಸ್ ಡಾಟ್ ನ್ಯೂಮೆರಿಕ್' ಹಾಕಿ. ಧಾರಣೆಯಲ್ಲಿ ಸಾವಿರಕ್ಕೆ ಹಾಕಿದ ಅಲ್ಪವಿರಾಮವನ್ನು ಅದಕ್ಕೂ ಮೊದಲೇ ತೆಗೆಯಬೇಕು. ದಿನಾಂಕವನ್ನಂತೂ ಕಣ್ಣಿಟ್ಟು ನೋಡಿ. ಪುನರ್ವಸು ಮಳೆ ಹಿಡಿಯುವ ಹೊತ್ತಿನ 05/07/2024 ಅನ್ನು 'ಆ್ಯಸ್ ಡಾಟ್ ಡೇಟ್'ಗೆ ಹಾಗೆಯೇ ಕೊಟ್ಟರೆ, ಆರ್ ಅದನ್ನು ಕ್ರಿಸ್ತಶಕ 5ನೇ ವರ್ಷದ ಜುಲೈ 20 ಎಂದು ಓದುತ್ತದೆ. ತಪ್ಪೆಂದು ಕೂಗುವುದೂ ಇಲ್ಲ. ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು 'ಫಾರ್ಮ್ಯಾಟ್' ಜಾಗದಲ್ಲಿ ನೀವೇ ಬರೆದು ತಿಳಿಸಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪರೀಕ್ಷೆ. ಧಾರಣೆ ಫೈಲ್ ಓದಿಸಿದ ಮೇಲೆ ಅಡಿಕೆ ಬಗೆಯ ಕಾಲಂ ಮೇಲೆ 'ಯುನೀಕ್' ಆಜ್ಞೆ ಓಡಿಸಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಾಲ್ಕು ಬರಬೇಕು. ಕೆಲವೊಮ್ಮೆ ಐದು ಬರುತ್ತವೆ, ಗೊರಬಲು ಎರಡು ಸಲ. ಎರಡನ್ನೂ ಅಕ್ಕಪಕ್ಕ ಇಟ್ಟು ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು. 'ಎನ್‌ಚಾರ್' ಆಜ್ಞೆಯಿಂದ ಉದ್ದ ಕೇಳಿದರೆ ಒಂದಕ್ಕೆ 6, ಇನ್ನೊಂದಕ್ಕೆ 7. ಇನ್ನೂ ಒಳಗೆ ಇಳಿದು 'ಯುಟಿಎಫ್8ಟುಇಂಟ್' ಆಜ್ಞೆಗೆ ಕೊಟ್ಟರೆ ಗುಟ್ಟು ಹೊರಬರುತ್ತದೆ. ಒಂದರಲ್ಲಿ ಗಕಾರದ 3223 ಆದಮೇಲೆ ಒತ್ವದ 3274 ಒಂದೇ ಇದೆ; ಇನ್ನೊಂದರಲ್ಲಿ ಅದರ ಜಾಗದಲ್ಲಿ ಎತ್ವದ 3270, ಊತ್ವದ 3266 ಎಂದು ಎರಡು ತುಂಡುಗಳಿವೆ. ಯುನಿಕೋಡ್ ಎರಡನ್ನೂ ಸಮಾನವೆಂದೇ ಹೇಳುತ್ತದೆ, ಪರದೆಯೂ ಎರಡನ್ನೂ ಒಂದೇ ರೀತಿ ತೋರಿಸುತ್ತದೆ. ಆದರೆ ಹೋಲಿಸಿ ನೋಡುವ ಆರ್‌ಗೆ ಅವು ಬೇರೆ ಬೇರೆ. ಬೇರೆ ಬೇರೆ ಕೀಬೋರ್ಡ್, ಬೇರೆ ಬೇರೆ ಪರಿವರ್ತಕಗಳಿಂದ ಬಂದ ಫೈಲುಗಳನ್ನು ಕೂಡಿಸಿದಾಗ ಹೀಗಾಗುತ್ತದೆ, ಗೊರಬಲಿನ ಸರಾಸರಿ ಎರಡು ಪಾಲಾಗಿಬಿಡುತ್ತದೆ. ಪರಿಹಾರ ಸುಲಭ: 'ಸ್ಟ್ರಿಂಗಿ' ಪ್ಯಾಕೇಜಿನ 'ಸ್ಟ್ರಿ_ಟ್ರಾನ್ಸ್_ಎನ್‌ಎಫ್‌ಸಿ' ಆಜ್ಞೆ ಅಂಥ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಜೊತೆಗೆ 'ಟ್ರಿಮ್‌ಡಬ್ಲ್ಯುಎಸ್' ಹಾಕಿದರೆ ಹಿಂದೆ ಮುಂದೆ ಉಳಿದ ಖಾಲಿ ಜಾಗವೂ ಹೋಗುತ್ತದೆ. ಕನ್ನಡ ಪದಗಳಿರುವ ಪ್ರತಿ ಕಾಲಂಗೂ ಇವೆರಡನ್ನು ಫೈಲ್ ಓದಿದ ಮರುಸಾಲಿನಲ್ಲೇ ಬರೆಯಿರಿ.

ನಕ್ಷೆಗೆ ಬಂದರೆ, ಆರ್‌ನ ಸಾದಾ ಪಿಡಿಎಫ್ ಸಾಧನಕ್ಕೆ (ನಕ್ಷೆಯನ್ನು ಫೈಲಿಗೆ ಇಳಿಸುವ ಭಾಗಕ್ಕೆ) ಕನ್ನಡ ಕೊಡಬೇಡಿ. ಅಕ್ಷರದ ಬದಲು ಚುಕ್ಕೆಗಳು ಬೀಳುತ್ತವೆ. 'ರ್‍ಯಾಗ್' ಪ್ಯಾಕೇಜ್ ಹಾಕಿಕೊಂಡು, ನಕ್ಷೆ ಬಿಡಿಸುವ ಪ್ಯಾಕೇಜಾದ ಜಿಜಿಪ್ಲಾಟ್2ರ 'ಜಿಜಿಸೇವ್' ಆಜ್ಞೆಯಲ್ಲಿ ಸಾಧನವಾಗಿ ಅದರ 'ಎಜಿಜಿ_ಪಿಎನ್‌ಜಿ'ಯನ್ನು ಸೂಚಿಸಿ. ಅದು ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಥೀಮ್‌ನಲ್ಲಿ ಫಾಂಟ್ ಹೆಸರು ನಿರ್ಮಲಾ ಯುಐ ಎಂದು ಬರೆದುಬಿಟ್ಟರೆ ಅನುಮಾನವೇ ಉಳಿಯದು. ಬಗೆಗಳ ಕ್ರಮವನ್ನು 'ಫ್ಯಾಕ್ಟರ್' ಆಜ್ಞೆಯ 'ಲೆವೆಲ್ಸ್'ನಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕೊಡಿ. ಇಲ್ಲದಿದ್ದರೆ ಆರ್ ಅಕ್ಷರಾನುಕ್ರಮಕ್ಕೆ ಹೋಗಿ ಗೊರಬಲನ್ನು ಮುಂದಕ್ಕೆ ತರುತ್ತದೆ. ಮಂಡಿಗೆ ಅಡಿಕೆ ಹಾಕುವ ರೈತ ಆ ನಕ್ಷೆ ನೋಡಿದರೆ ಮೊದಲು ಹುಡುಕುವುದು ತನಗೆ ಗೊತ್ತಿರುವ ಕ್ರಮವನ್ನೇ. ಲಂಬ ಅಕ್ಷಕ್ಕೆ 'ಧಾರಣೆ, ಕ್ವಿಂಟಲ್‌ಗೆ ರೂಪಾಯಿ' ಎಂದು ಹೆಸರು ಕೊಡಿ.

ಆರ್‌ಗೆಂದೇ ಮಾಡಿದ ಆರ್‌ಸ್ಟುಡಿಯೋ ಎಂಬ ಎಡಿಟರನ್ನು ಈಗಾಗಲೇ ಬಳಸುತ್ತಿರುವವರು ಅದನ್ನು ಬಿಡಬೇಕಿಲ್ಲ. ದತ್ತಾಂಶದ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಅನ್ವಯಿಸುತ್ತದೆ. ಇಮ್ಯಾಕ್ಸ್ ಬಲ್ಲವರಿಗೆ ಇಎಸ್‌ಎಸ್ ಎಂಬ ಹಳೆಯ, ಗಟ್ಟಿಯಾದ ಜೋಡಣೆ ಇದೆ. ಅಲ್ಲಿಯೂ ಕಂಟ್ರೋಲ್ ಮತ್ತು ಎಂಟರ್ ಇದೇ ಕೆಲಸ ಮಾಡುತ್ತವೆ. ನಾನು ವಿಎಸ್ ಕೋಡ್ ಹೇಳಿಕೊಡುವುದಕ್ಕೆ ಕಾರಣ, ಮುಂದೆ ಪೈಥಾನ್ ಕಲಿತರೂ ಪ್ರಬಂಧವನ್ನು ಲೇಟೆಕ್‌ನಲ್ಲಿ ಬರೆದರೂ ಮಕ್ಕಳಿಗೆ ಅದೇ ಎಡಿಟರ್ ಸಾಕಾಗುತ್ತದೆ.

ಆರ್‌ನ ಹೊಸ ಆವೃತ್ತಿ ಬಂದಾಗ, ಅಂದರೆ 4.3ರಿಂದ 4.4ಕ್ಕೆ ಹೋದಂತೆ ನಡುವಿನ ಅಂಕಿ ಬದಲಾದಾಗ, ವಿಂಡೋಸ್‌ನಲ್ಲಿ ವೈಯಕ್ತಿಕ ಲೈಬ್ರರಿಯೂ ಹೊಸದಾಗುತ್ತದೆ. ಆಗ ಎಡಿಟರ್ ಏಕಾಏಕಿ ಸಹಾಯ ಮಾಡುವುದನ್ನು ನಿಲ್ಲಿಸಿದರೆ ಗಾಬರಿ ಬೇಡ. ಲ್ಯಾಂಗ್ವೇಜ್‌ಸರ್ವರ್, ಸ್ಟ್ರಿಂಗಿ, ರ್‍ಯಾಗ್, ಜಿಜಿಪ್ಲಾಟ್2 ನಾಲ್ಕನ್ನೂ ಮತ್ತೆ ಹಾಕಿ. ಆರ್‌ಪಾತ್, ಆರ್‌ಟರ್ಮ್ ಅನ್ನು ಕೈಯಾರೆ ತುಂಬಿದ್ದರೆ ಅಲ್ಲಿನ ಆವೃತ್ತಿ ಸಂಖ್ಯೆಯನ್ನೂ ತಿದ್ದಿ. ಪ್ರಾಜೆಕ್ಟ್ ಸಲ್ಲಿಸುವ ತಿಂಗಳಲ್ಲಿ ಮಾತ್ರ ಆವೃತ್ತಿ ಬದಲಿಸಲು ಹೋಗಬೇಡಿ.